ರಿಪೋರ್ಟು ‘ನೆಗೆಟಿವ್’, ಆದರೂ ಅಮ್ಮನ ಏದುಸಿರು ನಿಂತಿಲ್ಲ

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು. ಅಮ್ಮನಿಗೆ 54 ವರ್ಷ. ಎರಡು ವರ್ಷದಿಂದ ತೋಟದ ದರೆ ಹತ್ತುವಾಗ ಏದುಸಿರು, ಬೆಳಗಾದರೆ ಕೆಮ್ಮು, ಕಫ. ಮೊದಲು ತೋರಿಸಿದ ಡಾಕ್ಟರು ಅಸ್ತಮಾ ಅಂದಿದ್ದರು. ಈಗ ಪಿಎಫ್‌ಟಿ (ಊದಿಸಿ ಮಾಡುವ ಶ್ವಾಸಕೋಶದ ಟೆಸ್ಟು) ಮಾಡಿದವರು ಸಿಒಪಿಡಿ (ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ) ಅನ್ನುತ್ತಿದ್ದಾರೆ. ಅದು ಬೀಡಿ, ಸಿಗರೇಟು ಸೇದುವವರ ಕಾಯಿಲೆಯಲ್ಲವೇ? ಅಮ್ಮ ಸೇದಿದವರಲ್ಲ. 30 ವರ್ಷ ದಿನಕ್ಕೆ ನಾಲ್ಕೈದು ಗಂಟೆ ಸೌದೆ ಒಲೆಯ ಮುಂದಿದ್ದರು, ಕೊಯ್ಲಿನಲ್ಲಿ ಅಡಿಕೆ ಬೇಯಿಸುವುದು ಬೇರೆ. ರಿಪೋರ್ಟಿನಲ್ಲಿ ಎಫ್‌ವಿಸಿ 2.02 ಲೀಟರ್ (88%), ಎಫ್‌ಇವಿ1 1.10 ಲೀಟರ್ (58%), ಔಷಧಿ ಕೊಟ್ಟ ಮೇಲೆ 1.19 ಮತ್ತು ಎಫ್‌ವಿಸಿ 2.10. ಕೆಳಗೆ ‘ರಿವರ್ಸಿಬಿಲಿಟಿ ನೆಗೆಟಿವ್’ ಎಂದಿದೆ. ನೆಗೆಟಿವ್ ಅಂದರೆ ಕಾಯಿಲೆ ಇಲ್ಲ ಅಂತಲ್ಲವೇ ಡಾಕ್ಟ್ರೇ?

ಉತ್ತರ: ಇದು ಕೋವಿಡ್ ಟೆಸ್ಟಿನ ನೆಗೆಟಿವ್ ಅಲ್ಲ. ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಔಷಧಿ ಕೊಟ್ಟು ಸುಮಾರು ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸಿದಾಗ, ಕಟ್ಟಿದ ಶ್ವಾಸನಾಳ ಹೇಳಿಕೊಳ್ಳುವಷ್ಟು ಸಡಿಲಾಗಲಿಲ್ಲ ಎಂದಷ್ಟೇ ಅದರ ಅರ್ಥ. ಬಹಳ ವರ್ಷ ಬಳಕೆಯಲ್ಲಿದ್ದ ಲೆಕ್ಕ, ಎಫ್‌ಇವಿ1 ಅಥವಾ ಎಫ್‌ವಿಸಿ (ಇವೇನೆಂದು ಮುಂದೆ ಹೇಳುತ್ತೇನೆ) 12% ಮತ್ತು 200 ಮಿಲಿಲೀಟರ್ ಎರಡೂ ಏರಬೇಕು ಎಂಬುದು. ನಿಮ್ಮ ಅಮ್ಮನ ಎಫ್‌ಇವಿ1 ಏರಿದ್ದು 90 ಮಿಲಿಲೀಟರ್, ಸುಮಾರು 8%. ಅವರ ಎಫ್‌ವಿಸಿ ಏರಿದ್ದು ಇನ್ನೂ ಕಡಿಮೆ. ಅಂದರೆ ಕಟ್ಟು ಇದೆ, ಅದು ಬಿಚ್ಚಿಕೊಂಡಿಲ್ಲ.

ಕಟ್ಟು ಇದೆ ಎಂದು ಹೇಗೆ ಗೊತ್ತು? ಪೂರ್ತಿ ಉಸಿರೆಳೆದು ಜೋರಾಗಿ ಊದಿ ಖಾಲಿ ಮಾಡಿದ ಒಟ್ಟು ಗಾಳಿ ಎಫ್‌ವಿಸಿ. ಅದರಲ್ಲಿ ಮೊದಲ ಸೆಕೆಂಡಿನಲ್ಲೇ ಹೊರಬಿದ್ದದ್ದು ಎಫ್‌ಇವಿ1. ಔಷಧಿಯ ನಂತರದ 1.19ನ್ನು 2.10ರಿಂದ ಭಾಗಿಸಿ: 0.57. ಸಿಒಪಿಡಿಗೆ ನಾವು ಹಿಡಿಯುವ ಗೆರೆ 0.70, ಅದಕ್ಕಿಂತ ಕೆಳಗಿದ್ದರೆ ಕಟ್ಟು ಎಂದರ್ಥ. ಗಾಳಿ ಇದೆ, ಆದರೆ ಕಿರಿದಾದ ದಾರಿಯಲ್ಲಿ ತೆವಳಿಕೊಂಡು ಬರುತ್ತಿದೆ. ಎಫ್‌ವಿಸಿಯ 88% (ಅದೇ ವಯಸ್ಸು, ಎತ್ತರದ ಆರೋಗ್ಯವಂತರಲ್ಲಿ ನಿರೀಕ್ಷಿಸುವ ಅಳತೆಗೆ ಹೋಲಿಸಿದ್ದು) ನೋಡಿ ಸಮಾಧಾನ ಪಡುವವರು ಬಹಳ. ನಾನು ಮೊದಲು ನೋಡುವುದು ಈ ಅನುಪಾತವನ್ನು. ಇನ್ನೊಂದು ಎಚ್ಚರ: ಅನುಪಾತದ ಸಾಲಿನಲ್ಲೂ ‘ನಿರೀಕ್ಷಿತದ ಶೇಕಡಾ’ ಎಂಬ ಕಾಲಂ ಇರುತ್ತದೆ, ಅದನ್ನೇ ಅನುಪಾತ ಎಂದು ಓದಬೇಡಿ. ತೀವ್ರತೆ ಹೇಳುವುದು ಎಫ್‌ಇವಿ1ರ ಶೇಕಡಾ. 50ರಿಂದ 79ರ ನಡುವೆ ಇದ್ದರೆ ಮಧ್ಯಮ.

ನೀವು ಕಳಿಸದೆ ಬಿಟ್ಟದ್ದು ಗ್ರಾಫಿನ ಹಾಳೆ. ನನಗೆ ಅಂಕಿಗಿಂತ ಅದೇ ಮುಖ್ಯ. ಊದುಗೊಳವೆ ಹಿಡಿದು ಅಭ್ಯಾಸವಾದ ನಮ್ಮ ಹೆಂಗಸರು ಯಂತ್ರಕ್ಕೂ ಒಲೆಗೆ ಊದಿದ ಹಾಗೆಯೇ ಊದುತ್ತಾರೆ: ತುಟಿ ಮೊನಚು ಮಾಡಿ, ನಿಧಾನವಾಗಿ, ಒಂದೇ ಸಮ, ಅರ್ಧ ಸೆರಗು ಬಾಯಿಗೆ. ಟೆಕ್ನಿಷಿಯನ್ ‘ಊದಿ ಊದಿ ಊದಿ, ಇನ್ನೂ ಊದಿ’ ಎಂದು ಕೂಗಿದಷ್ಟೂ ನಾಚಿಕೆ ಜಾಸ್ತಿ. ಹಾಗೆ ಊದಿದರೆ ಇಲ್ಲದ ಕಾಯಿಲೆ ಕಾಗದದ ಮೇಲೆ ಹುಟ್ಟುತ್ತದೆ. ಸರಿಯಾಗಿ ಊದಿದ್ದರೆ ಗೆರೆ ಶುರುವಿನಲ್ಲೇ ಚೂಪಾಗಿ ಮೇಲೇರಿರಬೇಕು. ಕಟ್ಟು ಇರುವವರಲ್ಲಿ ಇಳಿಯುವ ಗೆರೆ ಸೌಟಿನಿಂದ ತೋಡಿದಂತೆ ಒಳಬಾಗುತ್ತದೆ. ಮೂರು ಸಲವಾದರೂ ಚೆನ್ನಾಗಿ ಊದಿರಬೇಕು, ಎರಡು ಒಳ್ಳೆಯ ಎಫ್‌ಇವಿ1ಗಳ ಅಂತರ 150 ಮಿಲಿಲೀಟರ್ ದಾಟಬಾರದು. ಅಮ್ಮ ಕೊನೆಯಲ್ಲಿ ಸುಸ್ತಾಗಿ ಬೇಗ ನಿಲ್ಲಿಸಿದ್ದರೆ ಚಿಂತೆಯಿಲ್ಲ. ಆಗ ನಿಜವಾದ ಎಫ್‌ವಿಸಿ ಇನ್ನೂ ಹೆಚ್ಚಿರುತ್ತದೆ, ಅನುಪಾತ ಇನ್ನೂ ಇಳಿಯುತ್ತದೆ, ಕಟ್ಟು ಇದೆ ಎಂಬ ಮಾತು ಬದಲಾಗುವುದಿಲ್ಲ. ಶುರುವಿನಲ್ಲಿ ತಡವರಿಸಿದ್ದರೆ ಮಾತ್ರ ಮತ್ತೆ ಮಾಡಿಸಿ.

ಇನ್ನು ಸೇದದವರಿಗೆ ಸಿಒಪಿಡಿಯೇ ಎಂಬ ಮಾತು. ಶ್ವಾಸಕೋಶಕ್ಕೆ ಬೀಡಿಯ ಹೊಗೆ, ಸೌದೆಯ ಹೊಗೆ ಎಂಬ ಭೇದವಿಲ್ಲ. ಮೈಸೂರು ಕಡೆಯ ಹಳ್ಳಿ ಹೆಂಗಸರನ್ನು ನೋಡಿದ ಅಧ್ಯಯನವೊಂದು ದಿನಕ್ಕೆ ಒಲೆ ಮುಂದೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿತು. ಆ ಗುಣಲಬ್ಧ 60 ದಾಟಿದರೆ ದೀರ್ಘಕಾಲದ ಕಫ-ಕೆಮ್ಮಿನ ಅಪಾಯ ಹೆಚ್ಚು ಎಂದು ಕಂಡುಬಂತು. ನಿಮ್ಮ ಅಮ್ಮನದು ನಾಲ್ಕೇ ಗಂಟೆ ಹಿಡಿದರೂ 120. ಅಡಿಕೆ ಹಂಡೆಯ ಮುಂದೆ ಕೂತದ್ದನ್ನು ನಾನು ಸೇರಿಸಿಲ್ಲ.

ಹಾಗೆಂದು ಅಸ್ತಮಾ ಅಂದ ಡಾಕ್ಟರು ತಪ್ಪು ಎಂದು ತೀರ್ಮಾನಿಸಬೇಡಿ. ಟೆಸ್ಟಿನ ದಿನ ಬೆಳಗ್ಗೆ ಅಮ್ಮ ಇನ್ಹೇಲರ್ ಎಳೆದುಕೊಂಡಿದ್ದರೆ ರಿವರ್ಸಿಬಿಲಿಟಿ ಸುಳ್ಳು ನೆಗೆಟಿವ್ ಬರಬಹುದು. ಸಾಲ್ಬುಟಮಾಲ್ ಆದರೆ ಕನಿಷ್ಠ ನಾಲ್ಕು ಗಂಟೆ, ದೀರ್ಘ ಪರಿಣಾಮದ್ದಾದರೆ ಒಂದು ದಿನ ಅಥವಾ ಅದಕ್ಕೂ ಹೆಚ್ಚು ಬಿಟ್ಟಿರಬೇಕಾಗುತ್ತದೆ, ಅದೂ ಡಾಕ್ಟರನ್ನು ಕೇಳಿಯೇ. ಚಿಕ್ಕಂದಿನಿಂದ ಅಲರ್ಜಿ, ರಾತ್ರಿ ಉಬ್ಬಸ, ಒಂದು ವಾರ ಪೂರ್ತಿ ಆರಾಮ ಮುಂದಿನ ವಾರ ಕಷ್ಟ, ಹೀಗಿದ್ದರೆ ಅಸ್ತಮಾದ ಪಾಲೂ ಇರಬಹುದು. ಹಳೆಯ ಟಿಬಿ ಇದ್ದವರಲ್ಲೂ ಇಂಥ ಕಟ್ಟು ಉಳಿಯುತ್ತದೆ, ಹಾಗಾಗಿ ಎಕ್ಸ್‌ರೇ ಆಗಲಿ.

ಇನ್ಹೇಲರ್ ಬೇಕೇ ಬೇಕು. ‘ನೆಗೆಟಿವ್’ ಬಂದರೂ ದೀರ್ಘ ಪರಿಣಾಮದ ಇನ್ಹೇಲರ್ ಏದುಸಿರು ತಗ್ಗಿಸುತ್ತದೆ. ಯಾವುದು ಎಂಬುದನ್ನು ಅಮ್ಮನನ್ನು ಕೂರಿಸಿಕೊಂಡು ನೋಡುವವರೇ ಬರೆಯಲಿ. ಗ್ಯಾಸ್ ಒಲೆ ತಂದರೂ ಬಚ್ಚಲ ಒಲೆ ಅಮ್ಮನ ಪಾಲಿಗೇ ಉಳಿಯುವ ಮನೆಗಳನ್ನು ನೋಡಿದ್ದೇನೆ. ನೀರು ಕಾಯಿಸುವ, ಅಡಿಕೆ ಬೇಯಿಸುವ ಕೆಲಸವನ್ನು ನೀವು ವಹಿಸಿಕೊಳ್ಳಿ.

ಪ್ರಶ್ನೆ: ನನಗೆ 29. ರಾತ್ರಿ ಮೂರಕ್ಕೆ ಕೆಮ್ಮಿ ಏಳುತ್ತೇನೆ, ಎದೆ ಸಿಳ್ಳೆ ಹೊಡೆಯುತ್ತದೆ. ಸ್ಪೈರೋಮೆಟ್ರಿ (ಊದುವ ಟೆಸ್ಟು) ಪೂರ್ತಿ ನಾರ್ಮಲ್. ಹಾಗಾದರೆ ಇದು ಮನಸ್ಸಿನ ಭ್ರಮೆಯೇ?

ಉತ್ತರ: ಅಲ್ಲ. ನೀವು ಊದಿದ್ದು ಹಗಲಲ್ಲಿ, ಕಾಯಿಲೆ ಬರುವುದು ರಾತ್ರಿ. ಅಸ್ತಮಾದಲ್ಲಿ ಒಂದು ಟೆಸ್ಟು ನಾರ್ಮಲ್ ಬರುವುದು ಮಾಮೂಲು. ಪೀಕ್ ಫ್ಲೋ ಮೀಟರ್ (ಊದುವ ವೇಗ ಅಳೆಯುವ ಪುಟ್ಟ ಸಾಧನ) ಕೊಂಡು ಎರಡು ವಾರ ಬೆಳಗ್ಗೆ, ರಾತ್ರಿ ಊದಿ ಬರೆದಿಡಿ. ಪ್ರತಿ ದಿನದ ಹೆಚ್ಚು-ಕಡಿಮೆಯ ವ್ಯತ್ಯಾಸವನ್ನು ಆ ದಿನದ ಸರಾಸರಿಯಿಂದ ಭಾಗಿಸಿ ಲೆಕ್ಕ ಹಾಕಿದಾಗ, ಎರಡು ವಾರದ ಸರಾಸರಿ ಏರಿಳಿತ 10% ದಾಟಿದರೆ ಆ ಚೀಟಿಯನ್ನೇ ಡಾಕ್ಟರ ಮುಂದಿಡಿ. ಮೂರು ಗಂಟೆಗೆ ಎದ್ದಾಗಲೂ ಒಮ್ಮೆ ಊದಿ, ಪಕ್ಕದಲ್ಲಿ ಸಮಯ ಬರೆಯಿರಿ.