ಅನುದಾನ ಬಂದರೂ ಗಣಿತಕ್ಕೆ ಮೇಷ್ಟ್ರಿಲ್ಲ ಯಾಕೆ?
ಬೆಂಗಳೂರಿನ ನಿಮ್ಮ ಸರ್ಕಾರಿ ಶಾಲೆಗೆ 75,000 ರೂ. ಬಂದರೂ ಗಣಿತಕ್ಕೆ ಮೇಷ್ಟ್ರಿಲ್ಲ ಎಂದು ಬರೆದಿದ್ದೀರಿ. ಆ ಹಣ ಬಹುಶಃ ಸಮಗ್ರ ಶಿಕ್ಷಾ (ಶಾಲಾ ಶಿಕ್ಷಣದ ಸರ್ಕಾರಿ ಯೋಜನೆ) ಶಾಲಾ ಅನುದಾನ. ಸೀಮೆಸುಣ್ಣ, ರಿಪೇರಿ, ಕರೆಂಟ್ ಬಿಲ್ಲಿಗೆ ಆಗುತ್ತೆ, ಸಂಬಳಕ್ಕಲ್ಲ. ಹೆಡ್‌ಮಾಸ್ಟರನ್ನು ದೂರಿ ಫಲವಿಲ್ಲ.

ಮೊದಲು ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಕೇಳಿ. ನೀವು ಬರೆದದ್ದರಿಂದ ಅದು ತಿಳಿಯುತ್ತಿಲ್ಲ. ಖಾಲಿಯಿದ್ದರೆ ಅತಿಥಿ ಶಿಕ್ಷಕರು ಬೇಕೆಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಮಾಡಿಸಿ, ನಡಾವಳಿಯ ಪ್ರತಿ ಲಗತ್ತಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಬೀಳಲೇಬೇಕು, ಬಾಯಿಮಾತಿನ ಮನವಿ ಅಲ್ಲೇ ಸಾಯುತ್ತೆ.

ಹುದ್ದೆಯೇ ಇಲ್ಲದಿದ್ದರೆ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಅನುಸೂಚಿ ಉಲ್ಲೇಖಿಸಿ: 6ರಿಂದ 8ಕ್ಕೆ 35 ಮಕ್ಕಳಿಗೊಬ್ಬ ಶಿಕ್ಷಕರು, ವಿಜ್ಞಾನ-ಗಣಿತಕ್ಕೆ ಕನಿಷ್ಠ ಒಬ್ಬರು.

ಜವಾಬು ಬಾರದಿದ್ದರೆ 10 ರೂ. ಶುಲ್ಕದ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಒಂದೇ ವಿಷಯ, 150 ಪದದೊಳಗೆ. ಅನುದಾನದ ಲೆಕ್ಕವನ್ನು ಅದರಲ್ಲೇ ತುರುಕಬೇಡಿ, ಬೇರೆ ಅರ್ಜಿ ಹಾಕಿ.