ಡಬ್ಬಿ ಬರುವುದು ಜನವರಿಯಲ್ಲಿ

ಪ್ರಿಯರೆ,

ನಿಮ್ಮ ಕಥೆ ಕೈಸೇರಿ ಮೂರು ವಾರ ಆಯಿತು. ಪ್ರಕಟಿಸಲು ಆಗದ ಕಥೆಗೆ ನಾಲ್ಕು ಸಾಲು ಬರೆದು ವಾಪಸ್ ಕಳಿಸುವುದು ನನ್ನ ರೂಢಿ. ಇದಕ್ಕೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಎರಡು ಸಲ ಓದಿದೆ. ಎರಡು ಸಲವೂ ಒಂದೇ ಜಾಗದಲ್ಲಿ ಸಿಟ್ಟು ಬಂತು.

ಚೆನ್ನಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಭಾಷೆ ಸ್ವಚ್ಛವಾಗಿದೆ, ಕಾಗುಣಿತದ ತಪ್ಪಿಲ್ಲ. ಗೋದಲಿ (ಕ್ರಿಸ್ಮಸ್‌ಗೆ ಮಾಡುವ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವ ಭಾಗ ತುಂಬಾ ಹಿಡಿಸಿತು. ಗೋದಲಿಗೆ ಹಸಿರು ಗದ್ದೆ ಬೇಕು ಅಂತ ಹುಡುಗರು ತೆಂಗಿನ ಗೆರಟೆಯಲ್ಲಿ ಭತ್ತ ಬಿತ್ತುತ್ತಾರೆ. ಘಟ್ಟದ ಮೇಲಿನ ರೈತರ ಮನೆಯ ಮಂಜು ಬಗ್ಗಿ ನೋಡಿ, "ನೀರು ಜಾಸ್ತಿ ಆಯ್ತು, ಕೊಳೆಯುತ್ತೆ" ಅನ್ನುತ್ತಾನೆ. ಅದು ಹುಡುಗನ ಬಾಯಿಂದಲೇ ಬಂದ ಮಾತು.

ನನ್ನ ತಕರಾರು ಕೊನೆಯ ಎರಡು ಪುಟದ ಮೇಲೆ. ಮಂಗಳೂರು ಕಡೆಯ ಬೋರ್ಡಿಂಗ್, ಏಳನೇ ಕ್ಲಾಸಿನ ವಿಲ್ಸನ್ ಮತ್ತು ಮಂಜು. ಡಿಸೆಂಬರ್ 24ರ ಸಂಜೆ ವಿಲ್ಸನ್‌ನ ಅಪ್ಪ ಕುಸ್ವಾರ್, ಅಂದರೆ ನೆವ್ರಿ, ಗುಳಿಯೊ, ಕಿಡಿಯೊ ಥರದ ಕ್ರಿಸ್ಮಸ್ ತಿಂಡಿ, ತುಂಬಿದ ಡಬ್ಬಿ ತಂದುಕೊಡುತ್ತಾರೆ. ವಿಲ್ಸನ್ ಅಷ್ಟನ್ನೂ ಮಂಜುವಿಗೆ ಕೊಟ್ಟುಬಿಡುತ್ತಾನೆ. ಚರ್ಚಿನಲ್ಲಿ ನಡುರಾತ್ರಿ ಬಲಿಪೂಜೆಯ (ಮಾಸ್) ಗಂಟೆ ಬಾರಿಸುವಾಗ ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. ಇಲ್ಲಿನ ನಾಲ್ಕು ಸಾಲನ್ನು ಒಟ್ಟಿಗೆ ಕೂತು ನೋಡೋಣ.

"ಅವರಿಬ್ಬರೂ ಒಂದೇ ಬಳ್ಳಿಯ ಎರಡು ಹೂವುಗಳಂತಿದ್ದರು." ಇದನ್ನು ಅಕ್ಕತಂಗಿಯರಿಗೂ ಹೇಳಬಹುದು, ಮದುವೆಯ ಆಮಂತ್ರಣದಲ್ಲೂ ಹಾಕಬಹುದು. ವಿಲ್ಸನ್ ಎಂಥವನು, ಮಂಜು ಎಂಥವನು ಅನ್ನುವುದು ಇದರಲ್ಲಿ ಎಲ್ಲಿದೆ?

"ತನ್ನ ಪಾಲಿನದನ್ನೆಲ್ಲ ನಗುನಗುತ್ತಾ ಗೆಳೆಯನಿಗೆ ಕೊಟ್ಟುಬಿಟ್ಟ." ಈ ಸಾಲಿಗೇ ನನಗೆ ಸಿಟ್ಟು ಬಂದದ್ದು. ಹನ್ನೆರಡು ವರ್ಷದ ಹುಡುಗ, ಬೋರ್ಡಿಂಗಿನಲ್ಲಿ ದಿನಾ ಅದೇ ಸಾರು ಉಂಡವನು, ಅಮ್ಮ ಮಾಡಿದ ನೆವ್ರಿ ಕೈಗೆ ಬಂದಾಗ ಎಲ್ಲವನ್ನೂ ಕೊಟ್ಟುಬಿಡುತ್ತಾನಾ? ಎಣಿಸುತ್ತಾನೆ. ಬಚ್ಚಿಡುತ್ತಾನೆ. ಒಂದು ಕೊಟ್ಟು ಮೂರು ಸಲ ನೆನಪಿಸುತ್ತಾನೆ. ಗೆಳೆತನ ಆ ಎಣಿಕೆಯ ಒಳಗೇ ಇರುತ್ತದೆ.

"ಮಂಜುವಿನ ಕಣ್ಣು ತುಂಬಿ ಬಂತು." ಅವನು ಮೊದಲು ಏನು ತಿಂದ? ಗುಳಿಯೊ ಕಡಿದನಾ, ಅದು ಹಲ್ಲಿಗೆ ಗಟ್ಟಿಯಾಯಿತಾ? ಕಿಡಿಯೊ ಮೇಲಿನ ಸಾಲು ಸಾಲು ಗೀರು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿದ್ದರಿಂದ ಬಂದದ್ದು ಅಂತ ವಿಲ್ಸನ್ ಅವನಿಗೆ ಹೇಳಿದನಾ? ಮಂಜು ನಂಬಿದನಾ?

"ಧರ್ಮದ ಗೋಡೆ ಅಂದು ಕುಸಿದು ಬಿತ್ತು." ಯಾವ ಗೋಡೆ? ಹಿಂದಿನ ಎಂಟು ಪುಟದಲ್ಲಿ ನೀವು ಕಟ್ಟೇ ಇಲ್ಲ. ಅಂಥ ಶಾಲೆಗಳಲ್ಲಿ ಕ್ರೈಸ್ತ ಹುಡುಗರು ತಮ್ಮ ಧರ್ಮದ ಪಾಠವಾದ ಕೆಟೆಕಿಸಂ ಕ್ಲಾಸಿಗೆ ಎದ್ದು ಹೋಗುತ್ತಾರೆ, ಉಳಿದವರಿಗೆ ಮೊರಲ್ ಸೈನ್ಸ್. ಒಂದೇ ಬೆಂಚಿನವರು ಆ ಒಂದು ಪಿರಿಯಡ್ ಬೇರೆ ಬೇರೆ ಕೋಣೆಯಲ್ಲಿ. ಪಕ್ಕದ ಜಾಗ ಖಾಲಿ. ಅದನ್ನು ತೋರಿಸಿದ್ದರೆ ಸಾಕಿತ್ತು, ಗೋಡೆ ಅನ್ನುವ ಪದವೇ ಬೇಡವಾಗಿತ್ತು.

ಇದನ್ನು ನನಗೆ ಕಲಿಸಿದವರು ಅಚ್ಚುಮೊಳೆ ಜೋಡಿಸುವ ಒಬ್ಬರು. ನಾನು ಆಗ ಒಂದು ವಾರಪತ್ರಿಕೆಯಲ್ಲಿ ಪ್ರೂಫ್ ನೋಡುತ್ತಿದ್ದೆ. ನನ್ನ ಮೊದಲ ಕಥೆ ಅದರಲ್ಲೇ ಬರುವುದಿತ್ತು. ಅದೂ ಬೋರ್ಡಿಂಗ್ ಗೆಳೆಯನ ಕಥೆಯೇ. ಸಂಜೆ ಅವರು ನನ್ನನ್ನು ಕರೆದು ಮೊಳೆಯ ಖಾನೆ ತೋರಿಸಿದರು. ಖಾಲಿ. "ಸ್ನೇಹ, ಸ್ನೇಹ ಅಂತ ಒಂದೇ ಪುಟದಲ್ಲಿ 11 ಸಲ. ನ ಒತ್ತು ಎಲ್ಲಿಂದ ತರ್ಲಿ ಮಾರಾಯ? ತನ್ನ, ನಿನ್ನ, ಅವನನ್ನು, ಎಲ್ಲಕ್ಕೂ ಅದೇ ಬೇಕು. ಆದಷ್ಟು ತೆಗೆದುಕೊಡು" ಅಂದರು. ಗ್ಯಾಲಿ ಪ್ರೂಫ್ ಹಿಡಿದು ಮೆಟ್ಟಿಲ ಮೇಲೆ ಕೂತೆ. ಸ್ನೇಹ ಹೊಡೆದು ಹಾಕುತ್ತಾ ಹೋದೆ. ಎಷ್ಟೋ ವಾಕ್ಯಗಳಲ್ಲಿ ಆಮೇಲೆ ಏನೂ ಉಳಿಯಲಿಲ್ಲ. ಒಂದೇ ಒಂದು ಕಡೆ ಉಳಿಯಿತು, ಗೆಳೆಯ ನನ್ನ ರಫ್ ನೋಟಿನ ಕೊನೇ ಪುಟದಲ್ಲಿ ಬರೆದ ಲೆಕ್ಕ.

ಆ ಲೆಕ್ಕ ಇದು. ಅವನಿಗೆ ಗಣಿತ ಬರುತ್ತಿರಲಿಲ್ಲ. ನಾನು ಒಂದು ಲೆಕ್ಕ ಮಾಡಿಕೊಟ್ಟರೆ ಎರಡು ಕಿಡಿಯೊ. ಕಟ್ಟುನಿಟ್ಟು, ಮೂರನೆಯದು ಕೇಳಿದರೆ ಜಗಳವೇ. ಒಂದು ವಾರ ನನಗೆ ಜ್ವರ ಬಂತು. ಲೆಕ್ಕ ಮಾಡಿಕೊಡಲಿಲ್ಲ. ಎದ್ದು ನೋಡಿದರೆ ದಿಂಬಿನ ಪಕ್ಕ ಎರಡು ಕಿಡಿಯೊ. ನೋಟಿನಲ್ಲಿ ಅವನ ಅಕ್ಷರದಲ್ಲಿ, 'ಸಾಲ 2'. ಸುಮ್ನೆ ಕೊಟ್ಟೆ ಅಂತ ಹೇಳಿಕೊಳ್ಳಲು ಅವನಿಗೆ ನಾಚಿಕೆ.

ಇನ್ನೊಂದು ತಪ್ಪು ದಿನಾಂಕದ್ದು. ಸಣ್ಣದು ಅಂದುಕೊಳ್ಳಬೇಡಿ. ದಕ್ಷಿಣ ಕನ್ನಡದ ಕ್ರೈಸ್ತ ಆಡಳಿತದ ಶಾಲೆಗಳಲ್ಲಿ ದಸರಾ ರಜೆ ಕಡಿಮೆ ಮಾಡಿ ಆ ದಿನಗಳನ್ನು ಕ್ರಿಸ್ಮಸ್‌ಗೆ ಕೊಡುತ್ತಾರೆ. 24ರ ರಾತ್ರಿ ಬೋರ್ಡಿಂಗ್ ಖಾಲಿ. ವಿಲ್ಸನ್ ತನ್ನ ಊರಿನ ಇಗರ್ಜಿಯಲ್ಲಿರುತ್ತಾನೆ. ಮಂಜು ಟ್ರಂಕು ಹೊತ್ತು ಘಟ್ಟ ಹತ್ತಿರುತ್ತಾನೆ. ನಾನೂ ಹಾಗೆ ಹತ್ತಿ ಹೋದವನು. ಊರಿಗೆ ಹೋದರೆ ಹಳೆಯ ಗೆಳೆಯರೆಲ್ಲ ಸರ್ಕಾರಿ ಶಾಲೆಯ ಪಾಠದಲ್ಲಿ. ಅವರ ದಸರಾಕ್ಕೆ ನಾನು ಬೇಗ ವಾಪಸ್ ಬಂದುಬಿಟ್ಟಿದ್ದೆ. ಈಗ ನನ್ನ ರಜೆಗೆ ಅವರಿಲ್ಲ. ಬೆಳಗ್ಗೆ ಹತ್ತಕ್ಕೆ ಕೆರೆ ಏರಿಯ ಮೇಲೆ ಒಬ್ಬನೇ ಕೂತು, ನಮ್ಮ ಬೋರ್ಡಿಂಗಿನ ಗೆರಟೆಯ ಭತ್ತಕ್ಕೆ ಯಾರು ನೀರು ಹಾಕುತ್ತಿರಬಹುದು ಅಂತ ಯೋಚಿಸುತ್ತಿದ್ದೆ. ಬೋರ್ಡಿಂಗಿನ ಗೆಳೆಯ ನನಗೆ ಎಷ್ಟು ಬೇಕಾಗಿದ್ದಾನೆ ಅಂತ ಗೊತ್ತಾಗಿದ್ದು ಅಲ್ಲಿ, ತಬ್ಬಿಕೊಂಡು ಅತ್ತಾಗ ಅಲ್ಲ. ನಿಮ್ಮ ಮಂಜುವನ್ನು ಆ ಏರಿಯ ಮೇಲೆ ಕೂರಿಸುವ ಅವಕಾಶ ಇತ್ತು. ಬಿಟ್ಟುಬಿಟ್ಟಿರಿ.

ಹಾಗೇ ನೋಡಿದರೆ ಡಬ್ಬಿ ಬೋರ್ಡಿಂಗಿಗೆ ಬರುವುದು ರಜೆ ಮುಗಿದ ಮೇಲೆ, ಜನವರಿಯಲ್ಲಿ. ಬಸ್ಸಿನಲ್ಲಿ ಕುಲುಕಿ ನೆವ್ರಿ ಒಡೆದಿರುತ್ತವೆ. ಒಳಗಿನ ಎಳ್ಳು, ಸಕ್ಕರೆ, ಏಲಕ್ಕಿ ಎಲ್ಲ ತಳಕ್ಕೆ ಇಳಿದಿರುತ್ತದೆ. ಕೊನೆಗೆ ಆ ತಳದ ಪುಡಿಗೆ ಬೆರಳು ಒದ್ದೆ ಮಾಡಿ ಒತ್ತಿ ನೆಕ್ಕಲು ಯಾರನ್ನು ಕರೆಯುತ್ತೀರಿ ಅನ್ನುವುದು ನಮಗೆ ದೊಡ್ಡ ವಿಷಯವಾಗಿತ್ತು. ನೆವ್ರಿಯನ್ನು ಎಲ್ಲರಿಗೂ ಕೊಡುತ್ತಿದ್ದೆವು. ತಳಕ್ಕೆ ಒಬ್ಬನೇ.

ಅಂದ ಹಾಗೆ, ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ಮೊದಲ ಭಾನುವಾರವೇ ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚಿಸಿದ್ದೀರಿ. ಅದು ಮೂರನೆಯ ಭಾನುವಾರದ್ದು. ತಿದ್ದಿಕೊಳ್ಳಿ.

ಕಥೆಯನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಮತ್ತೆ ಬರೆದು ನನಗೇ ಕಳಿಸಿ, ಬೇರೆ ಕಡೆ ಬೇಡ. ಗೋದಲಿಯ ಭಾಗಕ್ಕೆ ಕೈ ಹಚ್ಚಬೇಡಿ. ಜನವರಿ 6ರ ಮೂರು ರಾಯರ ಹಬ್ಬದ (ಮಗು ಯೇಸುವನ್ನು ನೋಡಲು ಬಂದ ಮೂವರ ನೆನಪಿನ ಹಬ್ಬ) ತನಕ ಗೋದಲಿ ಇರುತ್ತದಲ್ವಾ? ರಜೆ ಮುಗಿಸಿ ಬಂದ ಮಂಜು ಟ್ರಂಕು ಇಳಿಸುವ ಮೊದಲೇ ಆ ಗೆರಟೆ ನೋಡಲು ಓಡುತ್ತಾನೆ ಅಂತ ನನಗನ್ನಿಸುತ್ತದೆ. ವಿಲ್ಸನ್ ಅಲ್ಲಿ ಮೊದಲೇ ಬಂದು ನಿಂತಿದ್ದಾನಾ, ಇಲ್ಲವಾ, ನೀವು ಹೇಳಬೇಕು.

ನಿಮ್ಮ,
ಸಂಪಾದಕ