ವೈರ್‌ಲೆಸ್ ಬರ್ಗ್ಲರ್ ಅಲಾರಂ ನಾವೇ ಹಾಕಿಕೊಳ್ಳಬಹುದಾ? ಪ್ರೋಗ್ರಾಮಿಂಗ್ ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಪ್ಯಾನೆಲ್ (ಸೆನ್ಸರ್‌ಗಳ ಸಿಗ್ನಲ್ ಪಡೆದು ಸೈರನ್ ಕೂಗಿಸುವ ಮುಖ್ಯ ಪೆಟ್ಟಿಗೆ), ಬಾಗಿಲಿಗೆ ಹಾಕುವ ಸೆನ್ಸರ್‌ಗಳು, ಎರಡು ಮೋಷನ್ ಸೆನ್ಸರ್, ಸೈರನ್, ರಿಮೋಟ್ ಇರುವ ಒಂದು ಕಿಟ್ ತಂದಿದ್ದೀರಿ. ಮ್ಯಾನ್ಯುಯಲ್ ತೆರೆದರೆ ಝೋನ್ ಟೈಪ್, ಎಂಟ್ರಿ ಡಿಲೇ, ಇನ್‌ಸ್ಟಾಲರ್ ಕೋಡ್ ಅಂತೆಲ್ಲ ಬರೆದಿದೆ, ತಲೆಬುಡ ತಿಳಿಯುತ್ತಿಲ್ಲ. ನೀವೇ ಹಾಕಬಹುದಾ, ಇಲ್ಲ ಯಾರನ್ನಾದರೂ ಕರೆಸಬೇಕಾ?

ನೀವೇ ಹಾಕಬಹುದು. ನಾನು ಇದೇ ಕೆಲಸ ಮಾಡುವವನು, ಆದರೂ ಇದನ್ನೇ ಹೇಳುತ್ತೇನೆ. ವೈರ್ ಎಳೆಯುವ ಗೋಜಿಲ್ಲ, ಹಾಗಾಗಿ ಕೈಕೆಲಸ ಕಡಿಮೆ. ಯೋಚನೆ ಮಾಡಬೇಕಾದದ್ದೇ ಜಾಸ್ತಿ.

ಒಂದು ಮಾತು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಸುಮ್‌ಸುಮ್ನೆ ಕೂಗುವ ಅಲಾರಂ ಅನ್ನು ಮನೆಯವರು ಬೇಗನೆ ಆನ್ ಮಾಡುವುದನ್ನೇ ಬಿಟ್ಟುಬಿಡುತ್ತಾರೆ. ಅಕ್ಕಪಕ್ಕದವರೂ ಅಷ್ಟೇ, ಎರಡು ಸಲ ಹೊರಗೆ ಬಂದು ನೋಡುತ್ತಾರೆ, ಮೂರನೇ ಸಲ ಬರುವುದಿಲ್ಲ. ನಾನು ಕೆಳಗೆ ಹೇಳುವುದರಲ್ಲಿ ಮುಕ್ಕಾಲು ಪಾಲು ಈ ಸುಳ್ಳು ಕೂಗು ತಪ್ಪಿಸುವುದಕ್ಕೇ.

ಡ್ರಿಲ್ ಮುಟ್ಟಬೇಡಿ ಇನ್ನೂ. ಎಲ್ಲವನ್ನೂ ಒಂದು ಮೇಜಿನ ಮೇಲೆ ಹರಡಿಕೊಳ್ಳಿ. ಪ್ರೋಗ್ರಾಮಿಂಗ್ ಪೂರ್ತಿ ಅಲ್ಲೇ ಮುಗಿಸಿ, ಆಮೇಲೆ ಗೋಡೆಗೆ ಹೋಗಿ. ಗೋಡೆಗೆ ಹಾಕಿದ ಮೇಲೆ ಏಣಿ ಹತ್ತಿ ಸೆನ್ಸರ್ ಬಿಚ್ಚಿ ಬಟನ್ ಒತ್ತುವುದು ಬಹಳ ತ್ರಾಸದ ಕೆಲಸ. ಪ್ಯಾನೆಲ್‌ನ ಒಳಗಿನ ಬ್ಯಾಟರಿಯ ಕನೆಕ್ಟರ್ ಸಿಕ್ಕಿಸಿ, ಅಡಾಪ್ಟರ್ ಹಾಕಿ. ಎಷ್ಟೋ ಕಿಟ್‌ಗಳಲ್ಲಿ ಆ ಬ್ಯಾಟರಿಗೆ ಒಂದು ಸಣ್ಣ ಸ್ವಿಚ್ ಬೇರೆ ಇರುತ್ತದೆ. ಅದು ಆಫ್ ಇದ್ದರೆ ಕರೆಂಟ್ ಹೋದ ಕ್ಷಣ ಪ್ಯಾನೆಲ್ ಸತ್ತುಹೋಗುತ್ತದೆ. ಸೈರನ್‌ಗೆ ಮಾತ್ರ ಈಗ ಕೈ ಹಾಕಬೇಡಿ. 100 ಡೆಸಿಬೆಲ್ ದಾಟುವ ಸೈರನ್‌ಗಳಿವೆ, ಮುಚ್ಚಿದ ಕೋಣೆಯಲ್ಲಿ ಮೂತಿಯ ಹತ್ತಿರ ಕೂಗಿದರೆ ಕಿವಿಗೆ ಒಳ್ಳೆಯದಲ್ಲ.

ಮೊದಲ ಕೆಲಸ ಕೋಡ್ ಬದಲಾಯಿಸುವುದು. ಸಾಮಾನ್ಯವಾಗಿ ಎರಡು ಕೋಡ್ ಇರುತ್ತವೆ. ಮಾಸ್ಟರ್ ಕೋಡ್ ದಿನಾ ಆನ್-ಆಫ್ ಮಾಡುವುದಕ್ಕೆ, ಮನೆಯವರಿಗೆ ಬೇರೆ ಬೇರೆ ಕೋಡ್ ಕೊಡುವುದಕ್ಕೆ. ಇನ್‌ಸ್ಟಾಲರ್ ಕೋಡ್ ಸೆಟ್ಟಿಂಗ್ ತೆರೆಯುವುದಕ್ಕೆ. ಎರಡೂ ಕಂಪನಿಯಿಂದ ಬರುವಾಗ 1234, 0000 ಥರ ಇರುತ್ತವೆ, ಮ್ಯಾನ್ಯುಯಲ್‌ನಲ್ಲೇ ಅಚ್ಚಾಗಿರುತ್ತವೆ. ಮ್ಯಾನ್ಯುಯಲ್ ಯಾರಿಗೆ ಬೇಕಾದರೂ ಸಿಗುತ್ತದೆ, ಅಲ್ವಾ? ಜನ ಮಾಸ್ಟರ್ ಬದಲಾಯಿಸಿ ಇನ್‌ಸ್ಟಾಲರ್ ಕೋಡ್ ಹಾಗೇ ಬಿಡುತ್ತಾರೆ. ಎರಡನ್ನೂ ಬದಲಾಯಿಸಿ, ಕಾಗದದ ಮೇಲೆ ಬರೆದು ಜೋಪಾನವಾಗಿಡಿ. ಕೆಲವು ಪ್ಯಾನೆಲ್‌ಗಳಲ್ಲಿ ಇನ್‌ಸ್ಟಾಲರ್ ಲಾಕ್ ಅಂತ ಇರುತ್ತದೆ. ಅದು ಆನ್ ಇದ್ದು ಕೋಡ್ ಮರೆತರೆ ರೀಸೆಟ್ ಮಾಡಿದರೂ ಒಳಗೆ ಬಿಡುವುದಿಲ್ಲ.

ಈಗ ಸೆನ್ಸರ್‌ಗಳನ್ನು ಪ್ಯಾನೆಲ್‌ಗೆ ಪರಿಚಯ ಮಾಡಿಸಬೇಕು. ಪ್ಯಾನೆಲ್ ಅನ್ನು ಲರ್ನ್ ಮೋಡ್‌ಗೆ ಹಾಕಿ, ಒಂದು ಸೆನ್ಸರ್ ಕೆಲಸ ಮಾಡುವ ಹಾಗೆ ಮಾಡುತ್ತೀರಿ. ಬಾಗಿಲ ಸೆನ್ಸರ್ ಆದರೆ ಮ್ಯಾಗ್ನೆಟ್ ದೂರ ಎಳೆಯುವುದು, ಮೋಷನ್ ಸೆನ್ಸರ್ ಆದರೆ ಮುಂದೆ ಕೈ ಆಡಿಸುವುದು ಅಥವಾ ಒಳಗಿನ ಬಟನ್ ಒತ್ತುವುದು. ಪ್ರತಿ ಸೆನ್ಸರ್‌ಗೂ ಅದರದೇ ಒಂದು ನಂಬರ್ ಇರುತ್ತದೆ, ರೇಡಿಯೋದಲ್ಲಿ ಅದನ್ನು ಕಳಿಸುತ್ತದೆ, ಪ್ಯಾನೆಲ್ ನೆನಪಿಟ್ಟುಕೊಳ್ಳುತ್ತದೆ. ಕೆಲವು ಹೊಸ ಪ್ಯಾನೆಲ್‌ಗಳಲ್ಲಿ ಸೆನ್ಸರ್ ಮೇಲಿನ ಕ್ಯೂಆರ್ ಕೋಡ್ ಅನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದರೂ ಆಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ನೀವು ಬಾಗಿಲ ಸೆನ್ಸರ್ ಸೇರಿಸುತ್ತಿರುವಾಗ ಪಕ್ಕದಲ್ಲಿ ಬ್ಯಾಟರಿ ಹಾಕಿದ ಮೋಷನ್ ಸೆನ್ಸರ್ ಬಿದ್ದಿದ್ದರೆ, ನಿಮ್ಮ ಕೈ ಅಲ್ಲಾಡಿದ್ದನ್ನು ನೋಡಿ ಅದೇ ಮೊದಲು ಸಿಗ್ನಲ್ ಕಳಿಸಿಬಿಡುತ್ತದೆ. ಪ್ಯಾನೆಲ್ ಅದನ್ನೇ ಮುಂಬಾಗಿಲು ಅಂತ ಬರೆದುಕೊಳ್ಳುತ್ತದೆ. ಒಂದೊಂದಕ್ಕೇ ಬ್ಯಾಟರಿ ಹಾಕಿ, ಸೇರಿಸಿ, ಹಿಂಬದಿಗೆ ಝೋನ್ ನಂಬರ್ (ಪ್ಯಾನೆಲ್ ಆ ಸೆನ್ಸರ್‌ಗೆ ಕೊಟ್ಟ ಸ್ಥಾನದ ಸಂಖ್ಯೆ) ಮತ್ತು ಜಾಗದ ಹೆಸರು ಬರೆದು ಅಂಟಿಸಿ, ಆಮೇಲೆ ಮುಂದಿನದು.

ನಿಮ್ಮ ತಲೆ ಕೆಡಿಸಿದ ಝೋನ್ ಟೈಪ್‌ಗೆ ಬರೋಣ. ಇದನ್ನು ನಿಧಾನವಾಗಿ ಓದಿ. ಇಡೀ ಪ್ರೋಗ್ರಾಮಿಂಗ್‌ನ ಜೀವ ಇರುವುದು ಇಲ್ಲೇ.

ನೀವು ದಿನಾ ಬಳಸುವ ಮುಂಬಾಗಿಲು ಎಂಟ್ರಿ-ಎಕ್ಸಿಟ್ ಝೋನ್, ಅಂದರೆ ಡಿಲೇ ಇರುವ ಝೋನ್. ಬಾಗಿಲು ತೆರೆದ ತಕ್ಷಣ ಸೈರನ್ ಕೂಗುವುದಿಲ್ಲ. ಪ್ಯಾನೆಲ್ ಬೀಪ್ ಅನ್ನುತ್ತಾ ನೀವು ಕೋಡ್ ಒತ್ತುವುದನ್ನು ಕಾಯುತ್ತದೆ. ಹಿಂಬಾಗಿಲು, ಕಿಟಕಿ, ಮಹಡಿಯ ಬಾಗಿಲು ಇನ್‌ಸ್ಟಂಟ್. ಅಲ್ಲಿಂದ ಯಾರೂ ಮರ್ಯಾದೆಯಾಗಿ ಒಳಗೆ ಬರುವುದಿಲ್ಲ, ಹಾಗಾಗಿ ತೆರೆದ ಕೂಡಲೇ ಕೂಗಲಿ.

ಹಾಲ್‌ನ ಮೋಷನ್ ಸೆನ್ಸರ್ ಏನು ಮಾಡಬೇಕು? ಅದನ್ನು ಇನ್‌ಸ್ಟಂಟ್ ಮಾಡಿದರೆ ನೀವು ಮುಂಬಾಗಿಲಿಂದ ಬಂದು ಕೀಪ್ಯಾಡ್ ಮುಟ್ಟುವ ಮೊದಲೇ ಸೈರನ್ ಕೂಗುತ್ತದೆ. ಡಿಲೇ ಮಾಡಿದರೆ ಕಿಟಕಿಯ ಗಾಜು ಒಡೆದು ಒಳಗೆ ಬಂದವನಿಗೂ ಅರ್ಧ ನಿಮಿಷ ಬಿಟ್ಟಿ ಸಿಗುತ್ತದೆ. ಇದಕ್ಕೇ ಇರುವುದು ಫಾಲೋವರ್ ಅನ್ನುವ ಟೈಪ್. ಕೆಲವು ಮ್ಯಾನ್ಯುಯಲ್‌ಗಳಲ್ಲಿ ಇಂಟೀರಿಯರ್ ಅಂತ ಇರುತ್ತದೆ. ಮುಂಬಾಗಿಲು ಮೊದಲು ತೆರೆದು ಡಿಲೇ ಓಡುತ್ತಿದ್ದರೆ ಇದು ತೆಪ್ಪಗಿರುತ್ತದೆ. ಬಾಗಿಲು ತೆರೆಯದೇ ಹಾಲ್‌ನಲ್ಲಿ ಯಾರೋ ಓಡಾಡಿದರೆ ಅದೇ ಕ್ಷಣ ಕೂಗುತ್ತದೆ. ಈ ಒಂದು ಸೆಟ್ಟಿಂಗ್ ಸರಿಯಾಗಿ ಹಾಕಿದರೆ ಮನೆಯವರ ಗೊಣಗಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಫಾಲೋವರ್‌ನಿಂದ ಇನ್ನೊಂದು ಲಾಭ ಇದೆ. ರಾತ್ರಿ ಮಲಗುವಾಗ ಪ್ಯಾನೆಲ್ ಅನ್ನು ಸ್ಟೇ ಮೋಡ್‌ಗೆ ಹಾಕಿದರೆ ಎಷ್ಟೋ ಪ್ಯಾನೆಲ್‌ಗಳಲ್ಲಿ ಇಂಥ ಒಳಗಿನ ಸೆನ್ಸರ್‌ಗಳು ತಾವಾಗಿಯೇ ಸುಮ್ಮನಿರುತ್ತವೆ. ಬಾಗಿಲು ಕಿಟಕಿ ಮಾತ್ರ ಕಾವಲಿರುತ್ತವೆ. ನೀವು ನೀರು ಕುಡಿಯಲು ಎದ್ದರೂ ತೊಂದರೆಯಿಲ್ಲ. ಎಲ್ಲರೂ ಹೊರಗೆ ಹೋಗುವಾಗ ‘ಅವೇ’ (Away) ಮೋಡ್, ಆಗ ಎಲ್ಲವೂ ಎಚ್ಚರ. ಹೊಗೆ ಸೆನ್ಸರ್, ಪ್ಯಾನಿಕ್ ಬಟನ್ ಇದ್ದರೆ ಅವು 24 ಗಂಟೆಯ ಝೋನ್. ಅಲಾರಂ ಆಫ್ ಇದ್ದರೂ ಅವು ಕೆಲಸ ಮಾಡಬೇಕು.

ಡಿಲೇ ಎಷ್ಟಿಡಬೇಕು? ಒಳಗೆ ಬರುವುದಕ್ಕೆ 30 ಸೆಕೆಂಡ್, ಹೊರಗೆ ಹೋಗುವುದಕ್ಕೆ 60 ಸೆಕೆಂಡ್ ಇಟ್ಟು ಶುರು ಮಾಡಿ. ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಕೈಗೆ ಬೀಗದ ಕೈ ಕೊಟ್ಟು, ಗಡಿಯಾರ ಹಿಡಿದು ನೋಡಿ. ಅವರಿಗೆ ಸಾಕಾಗುವಷ್ಟು ಇರಲಿ, ಅದಕ್ಕಿಂತ ಜಾಸ್ತಿ ಬೇಡ.

ಈಗ ಗೋಡೆ. ಬಾಗಿಲ ಸೆನ್ಸರ್ ಬಹಳ ಸರಳ. ಒಳಗೆ ರೀಡ್ ಸ್ವಿಚ್ ಅಂತ ಒಂದು ಗಾಜಿನ ಕೊಳವೆ, ಅದರೊಳಗೆ ಎರಡು ತೆಳ್ಳನೆಯ ಲೋಹದ ಎಳೆ. ಮ್ಯಾಗ್ನೆಟ್ ಹತ್ತಿರ ಬಂದರೆ ಎಳೆಗಳು ಕೂಡುತ್ತವೆ, ದೂರ ಹೋದರೆ ಬಿಡುತ್ತವೆ. ಕಿವಿಯ ಹತ್ತಿರ ಹಿಡಿದು ಮ್ಯಾಗ್ನೆಟ್ ಆಡಿಸಿದರೆ ಸಣ್ಣಗೆ ಟಿಕ್ ಅನ್ನುವುದು ಕೇಳಿಸುತ್ತದೆ. ದೊಡ್ಡ ಭಾಗ ಚೌಕಟ್ಟಿಗೆ, ಮ್ಯಾಗ್ನೆಟ್ ಕದಕ್ಕೆ. ಕೀಲು ಇರುವ ಕಡೆ ಬೇಡ, ತೆರೆಯುವ ಕಡೆಯ ಮೇಲ್ತುದಿಯಲ್ಲಿ ಹಾಕಿ. ಎರಡರ ಮೇಲೂ ಒಂದು ಗೆರೆ ಅಥವಾ ಬಾಣದ ಗುರುತು ಇರುತ್ತದೆ, ಅವು ಎದುರುಬದುರು ಬರಲಿ. ನಡುವಿನ ಸಂದು 1 ಸೆಂಟಿಮೀಟರ್ ಒಳಗೆ ಇರಲಿ. ಗಾಳಿಗೆ ಕದ ಅಲ್ಲಾಡುವ ಬಾಗಿಲಾದರೆ ಇನ್ನೂ ಹತ್ತಿರ. ಕಬ್ಬಿಣದ ಬಾಗಿಲು ಮ್ಯಾಗ್ನೆಟ್‌ನ ಬಲವನ್ನೂ ತಿನ್ನುತ್ತದೆ, ರೇಡಿಯೋ ಸಿಗ್ನಲ್ ಅನ್ನೂ ತಿನ್ನುತ್ತದೆ. ಅಲ್ಲಿ ಕೆಳಗೆ ಒಂದು ಪ್ಲಾಸ್ಟಿಕ್ ತುಂಡು ಕೊಟ್ಟು ಎತ್ತರಿಸಿ. ಡಬಲ್ ಟೇಪ್ ಹಾಕುವುದಾದರೆ ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ. ಹಳೇ ಮರದ ಬಾಗಿಲಿಗೆ ಟೇಪ್ ನಂಬಬೇಡಿ, ಸ್ಕ್ರೂ ಹಾಕಿ.

ಮೋಷನ್ ಸೆನ್ಸರ್ ಹಾಕುವ ಜಾಗದ ಬಗ್ಗೆ ಜಾಸ್ತಿ ಯೋಚಿಸಿ. ಸಾಮಾನ್ಯವಾಗಿ ಕಿಟ್‌ನಲ್ಲಿ ಬರುವುದು ಪಿಐಆರ್ ಸೆನ್ಸರ್. ಅದು ಕ್ಯಾಮೆರಾ ಅಲ್ಲ. ಮೈಶಾಖದ ಇನ್ಫ್ರಾರೆಡ್ ಕಿರಣ ಏಕಾಏಕಿ ಬದಲಾಗುವುದನ್ನು ಮಾತ್ರ ಗುರುತಿಸುತ್ತದೆ. ಮುಂದಿರುವ ಬಿಳಿ ಪ್ಲಾಸ್ಟಿಕ್ ಲೆನ್ಸ್ ಕೋಣೆಯನ್ನು ಬೀಸಣಿಗೆಯ ಕಡ್ಡಿಗಳ ಹಾಗೆ ಪಟ್ಟಿ ಪಟ್ಟಿಯಾಗಿ ವಿಂಗಡಿಸುತ್ತದೆ. ಮನುಷ್ಯ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ನೇರ ಸೆನ್ಸರ್ ಕಡೆಗೇ ನಡೆದು ಬಂದರೆ ತಡವಾಗಿ ಗೊತ್ತಾಗುತ್ತದೆ. ಆದ್ದರಿಂದ ಬರುವವನು ಅಡ್ಡ ಹಾಯುವ ಹಾಗೆ ಮೂಲೆಯಲ್ಲಿ ಹಾಕಿ, ಎತ್ತರ ಸುಮಾರು 2.1 ರಿಂದ 2.4 ಮೀಟರ್.

ಕಿಟಕಿಗೆ ಮುಖ ಮಾಡಬೇಡಿ. ಗಾಜಿನಾಚೆ ಓಡಾಡುವ ಮನುಷ್ಯನ ಮೈಶಾಖ ಗಾಜು ದಾಟಿ ಬರುವುದಿಲ್ಲ, ಅದು ನಿಜ. ಆದರೆ ಬಿಸಿಲು ಒಳಗೆ ಬಿದ್ದು ನೆಲ, ಪರದೆ ಬಿಸಿಯಾಗುತ್ತವೆ, ಆ ಪರದೆ ಗಾಳಿಗೆ ಹಾರುತ್ತದೆ. ಸುಳ್ಳು ಕೂಗಿಗೆ ಅಷ್ಟು ಸಾಕು. ಎಸಿ, ಹೀಟರ್, ಒಲೆಯ ಎದುರೂ ಬೇಡ. ಗಾಜು ಮೈಶಾಖ ತಡೆಯುತ್ತದೆ ಅಂದೆನಲ್ಲ, ಅದೇ ಕಾರಣಕ್ಕೆ ಸೆನ್ಸರ್ ಮುಂದೆ ಗಾಜಿನ ಶೋಕೇಸ್ ಇದ್ದರೆ ಅದರಾಚೆ ಏನೂ ಕಾಣುವುದಿಲ್ಲ. ನಾಯಿ ಬೆಕ್ಕು ಇದ್ದರೆ ಪೆಟ್ ಇಮ್ಯೂನ್ ಸೆನ್ಸರ್, ಅಂದರೆ ಸಾಕುಪ್ರಾಣಿ ಓಡಾಡಿದರೆ ಕೂಗದಂಥದ್ದು ಬೇಕು. ಅದನ್ನೂ ಹೇಳಿದ ಎತ್ತರದಲ್ಲೇ ಹಾಕಬೇಕು. ಬೆಕ್ಕು ಬೀರು ಹತ್ತಿ ಸೆನ್ಸರ್‌ನ ಮಟ್ಟಕ್ಕೆ ಬಂದರೆ ಯಾವ ಪೆಟ್ ಇಮ್ಯೂನ್ ಸೆನ್ಸರೂ ತಡೆಯುವುದಿಲ್ಲ.

ಪ್ಯಾನೆಲ್ ಅನ್ನು ಹೊರಗಿನಿಂದ ಕಾಣದ, ಮನೆಯ ನಡುಭಾಗದ ಜಾಗದಲ್ಲಿಡಿ. ಕಬ್ಬಿಣದ ಬೀರು, ಫ್ರಿಜ್, ರೂಟರ್ ಪಕ್ಕ ಬೇಡ. ಡಬ್ಬದ ಮೇಲೆ ಬರೆದಿರುವ 100, 200 ಮೀಟರ್ ಎಲ್ಲ ಬಯಲಿನ ಲೆಕ್ಕ. ಕಬ್ಬಿಣ ಹಾಕಿದ ಕಾಂಕ್ರೀಟ್ ಗೋಡೆ ಒಂದೆರಡು ದಾಟಿದರೆ ಅದು ಬಹಳ ಇಳಿಯುತ್ತದೆ. ಅದಕ್ಕೇ ತೂತು ಕೊರೆಯುವ ಮೊದಲು ಪ್ರತಿ ಸೆನ್ಸರ್ ಅನ್ನು ಅದರ ಜಾಗದಲ್ಲಿ ಕೈಯಲ್ಲೇ ಹಿಡಿದು, ಪ್ಯಾನೆಲ್‌ಗೆ ತಲುಪುತ್ತಿದೆಯಾ ನೋಡಿ. ಸೈರನ್ ಬೇರೆ ಕಡೆ, ಕೈಗೆ ಎಟುಕದ ಎತ್ತರದಲ್ಲಿರಲಿ. ಆಗ ಪ್ಯಾನೆಲ್ ಮುರಿಯಲು ಹೋದವನು ಶಬ್ದದ ಮೂಲ ಹುಡುಕುತ್ತಾ ಹೊತ್ತು ಕಳೆಯುತ್ತಾನೆ.

ಫೋನಿಗೆ ಸಂದೇಶ ಬರುವುದು ವೈಫೈ ಮೂಲಕವಾದರೆ ರೂಟರ್‌ಗೂ ಯುಪಿಎಸ್ ಕೊಡಿ. ಕರೆಂಟ್ ಹೋದರೆ ಪ್ಯಾನೆಲ್ ಬದುಕಿರುತ್ತದೆ, ರೂಟರ್ ಸತ್ತಿರುತ್ತದೆ, ನಿಮಗೆ ಸುದ್ದಿಯೇ ಬರುವುದಿಲ್ಲ. ಸಿಮ್ ಹಾಕುವ ಪ್ಯಾನೆಲ್ ಆದರೆ ಅದು ಎಷ್ಟನೇ ಜಿ ನೆಟ್‌ವರ್ಕ್‌ನದು ನೋಡಿಕೊಳ್ಳಿ. ಹಲವು ದೇಶಗಳಲ್ಲಿ 2ಜಿ, 3ಜಿ ಮುಚ್ಚುತ್ತಿದ್ದಾರೆ. ಸಿಮ್‌ನ ಪಿನ್ ಲಾಕ್ ತೆಗೆದೇ ಹಾಕಿ.

ಕೊನೆಗೆ ವಾಕ್ ಟೆಸ್ಟ್. ಪ್ಯಾನೆಲ್ ಅನ್ನು ಟೆಸ್ಟ್ ಮೋಡ್‌ಗೆ ಹಾಕಿ ಒಂದೊಂದೇ ಬಾಗಿಲು ತೆರೆಯಿರಿ, ಒಂದೊಂದೇ ಕೋಣೆಯಲ್ಲಿ ನಡೆಯಿರಿ. ಮೋಷನ್ ಸೆನ್ಸರ್ ಒಂದು ಸಲ ಕೆಲಸ ಮಾಡಿ ಆಮೇಲೆ ಸುಮ್ಮನಾದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಬ್ಯಾಟರಿ ಉಳಿಸುವುದಕ್ಕೆ ಎಷ್ಟೋ ಸೆನ್ಸರ್‌ಗಳು ಸಿಗ್ನಲ್ ಕಳಿಸಿದ ಮೇಲೆ ಎರಡು ಮೂರು ನಿಮಿಷ ನಿದ್ದೆ ಮಾಡುತ್ತವೆ. ಕೋಣೆಯಿಂದ ಹೊರಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ. ಆಮೇಲೆ ಪಕ್ಕದ ಮನೆಯವರಿಗೆ ಹೇಳಿ ನಿಜವಾದ ಪರೀಕ್ಷೆ ಮಾಡಿ: ಅವೇ ಮೋಡ್ ಹಾಕಿ ಹೊರಗೆ ಹೋಗಿ, ವಾಪಸ್ ಬನ್ನಿ, ಕೋಡ್ ಒತ್ತದೇ ಕಾಯಿರಿ. ಸೈರನ್ ಕೂಗಬೇಕು, ಫೋನಿಗೆ ಸುದ್ದಿ ಬರಬೇಕು. ಅಡಾಪ್ಟರ್ ಕಿತ್ತು ಇದನ್ನೇ ಇನ್ನೊಮ್ಮೆ ಮಾಡಿ. ಮನೆಯ ಪ್ರತಿಯೊಬ್ಬರೂ ತಮ್ಮ ಕೈಯಾರೆ ಒಂದು ಸಲ ಆಫ್ ಮಾಡಿ ನೋಡಲಿ, ಸೈರನ್ ಕೂಗುತ್ತಿರುವಾಗಲೇ. ಆ ಗದ್ದಲದಲ್ಲಿ ಕೋಡ್ ನೆನಪಾಗುವುದಿಲ್ಲ, ಅಭ್ಯಾಸ ಬೇಕು.

ವಾಕ್ ಟೆಸ್ಟ್ ತಿಂಗಳಿಗೊಮ್ಮೆ ಮಾಡುತ್ತಿರಿ. ಒಳ್ಳೆಯ ಸೆನ್ಸರ್‌ಗಳು ಆಗಾಗ ತಾವು ಬದುಕಿದ್ದೇವೆ ಅಂತ ಪ್ಯಾನೆಲ್‌ಗೆ ತಿಳಿಸುತ್ತಿರುತ್ತವೆ. ಅಗ್ಗದ ಎಷ್ಟೋ ಸೆನ್ಸರ್‌ಗಳು ಬಾಗಿಲು ತೆರೆದಾಗ ಮಾತ್ರ ಸಿಗ್ನಲ್ ಕಳಿಸುತ್ತವೆ. ಅವುಗಳ ಬ್ಯಾಟರಿ ಸತ್ತರೆ ಪ್ಯಾನೆಲ್‌ಗೆ ಗೊತ್ತೇ ಆಗುವುದಿಲ್ಲ, ಬಾಗಿಲು ಮುಚ್ಚಿಯೇ ಇದೆ ಅಂದುಕೊಂಡಿರುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಸುಮ್ನೆ ಕೂಗಿದರೆ ಈವೆಂಟ್ ಲಾಗ್ (ಏನೇನಾಯಿತು ಅಂತ ಪ್ಯಾನೆಲ್ ಬರೆದಿಟ್ಟುಕೊಳ್ಳುವ ಪಟ್ಟಿ) ತೆರೆದು ಯಾವ ಝೋನ್, ಎಷ್ಟು ಹೊತ್ತಿಗೆ ಅಂತ ನೋಡಿ. ಒಂದೇ ಸಮಯಕ್ಕೆ ಪದೇ ಪದೇ ಬರುತ್ತಿದ್ದರೆ ಬಿಸಿಲು ಅಥವಾ ಎಸಿ. ಗಾಳಿ ಜೋರಾದಾಗ ಮಾತ್ರ ಬಂದರೆ ಬಾಗಿಲ ಸಂದು ಜಾಸ್ತಿಯಾಗಿದೆ, ಮ್ಯಾಗ್ನೆಟ್ ಹತ್ತಿರ ಸರಿಸಿ.